ಮುಕ್ಕಾಲು ಇಂಚು

ಜೂನ್ ಮೊದಲ ವಾರ. ಬೈತಖೋಲ ರಸ್ತೆಯ ನನ್ನ ಅಂಗಡಿ ತುಂಬ
ಯೂನಿಫಾರಮ್ಮಿನ ನೀಲಿ ಬಟ್ಟೆ.
ಕುಂದಾ ತಾಂಡೇಲಳ ಮಗಳು ಕರಿಷ್ಮಾ, ಒಂಬತ್ತನೆಯ ಕ್ಲಾಸು,
ಟೇಪಿನ ಮುಂದೆ ಉಸಿರು ಬಿಗಿಹಿಡಿದು ನಿಂತಳು.

ಹೆಗಲಿಂದ ಸೊಂಟಕ್ಕೆ ಬಲಗಡೆ ಹದಿನಾಲ್ಕೂವರೆ,
ಎಡಗಡೆ ಹದಿಮೂರು ಮುಕ್ಕಾಲು.
ಟೇಪು ಹಳೆಯದು, ಜಗ್ಗಿರಬೇಕು ಅಂದುಕೊಂಡು
ಹೊಸದು ತೆಗೆದೆ.
ಹದಿಮೂರು ಮುಕ್ಕಾಲು.

"ನೆಟ್ಟಗೆ ನಿಲ್ಲೇ" ಅಂದೆ.
"ನೆಟ್ಟಗೇ ನಿಂತಿದ್ದೇನೆ" ಅಂದಳು.
ಆ ಎರಡು ಮಾತಿನ ನಡುವೆ ಇದ್ದದ್ದೂ
ಅದೇ ಮುಕ್ಕಾಲು ಇಂಚು.

ಅಳತೆ ಪುಸ್ತಕದ ಕೊನೆಯ ಕಾಲಮ್ಮಿಗೆ
"ವಿಶೇಷ" ಅಂತ ತಲೆಬರಹ ಕೊಟ್ಟಿದ್ದೇನೆ;
ಹೊಟ್ಟೆ ಮುಂದೆ, ಕೈ ಉದ್ದ, ಏಳು ತಿಂಗಳು,
ಇಂಥವನ್ನೆಲ್ಲ ಬರೆಯುವುದು ಅಲ್ಲಿ.
ಪೆನ್ನು ಊರಿ ಗೂ ಅಂತ ಬರೆದೆ.
ಮುಂದಿನದು ಬರುವ ಮೊದಲೇ ಕೊಂಬಿನಿಳಿಯ ಭಾರಕ್ಕೆ
ಅಕ್ಷರವೇ ಬೆನ್ನು ಬಗ್ಗಿಸಿ ಕೂತಿತ್ತು.
ಪುಸ್ತಕ ಮುಚ್ಚಿದೆ.

ನಮ್ಮ ಓಣಿಯಲ್ಲಿ ಒಬ್ಬನಿದ್ದ. ಎಲ್ಲರೂ ಕರೆದದ್ದು ಗೂನ ಅಂತಲೇ,
ಕರೆದಾಗ ಓಗೊಡುತ್ತಿದ್ದ, ಬಲೆ ಹೊಲಿದುಕೊಡುತ್ತಿದ್ದ.
ಸತ್ತ ಮರುದಿನ ಹೆಸರು ಬರೆಸಲು ಹೋದವರು
ನಗರಸಭೆಯ ಕಿಟಕಿಯ ಮುಂದೆ
ಒಬ್ಬರ ಮುಖ ಒಬ್ಬರು ನೋಡಿದರು.

ಅಲ್ಲದೆ ಗೂನು ಅಂದರೆ ಹಿಂದಕ್ಕೆ ಉಬ್ಬುವುದು.
ಇವಳದು ಬದಿಗೆ.
ಬದಿಗೆ ಹೋದ ಬೆನ್ನಿಗೆ ನನ್ನ ಬಾಯಲ್ಲಿ ಶಬ್ದವಿಲ್ಲ.
ಡೊಂಕು ಅನ್ನೋಣವೆಂದರೆ ಅದು ನಾಯಿಯ ಬಾಲಕ್ಕೆ ಸೇರಿ ಎಷ್ಟು ಕಾಲವಾಯಿತೋ,
ಉಳಿದಿದ್ದನ್ನು ಕುಣಿಯಲಾರದವಳು ನೆಲದ ಮೇಲೆ ಹಾಕಿದಳು.
ಓರೆ ಕಣ್ಣಿಗೆ ಹೋಯಿತು.
ವಕ್ರ, ಜಾತಕ ಬರೆಯುವವರ ಹತ್ತಿರ ಇದೆ.
ಬಳುಕು ಎಂಬುದೊಂದು ಉಂಟು, ಅದೂ ಬೆನ್ನಿನದೇ,
ಆದರೆ ಅದನ್ನು ಹೆಣ್ಣು ನೋಡಲು ಬಂದವರಿಗಾಗಿ ಎತ್ತಿಟ್ಟಿದ್ದಾರೆ.

ಹುಬ್ಬಳ್ಳಿಗೆ ಹೋಗಿ ಎಕ್ಸ್‌ರೇ ತೆಗೆಸಿಕೊಂಡು ಬಂದರು.
ಕುಂದಾ ಅದನ್ನು ನನ್ನ ಬಾಗಿಲ ಬೆಳಕಿಗೆ ಹಿಡಿದಳು.
ಕೋಡಿಬಾಗದ ಸೇತುವೆಯಿಂದ ರಾತ್ರಿ ಕಾಳಿ ನದಿ ಕಂಡ ಹಾಗೆ
ಕಪ್ಪಿನ ನಡುವೆ ಬೆಳ್ಳಗೆ,
ಸಮುದ್ರ ಇಲ್ಲೇ ಇದ್ದರೂ ಒಮ್ಮೆ ಅತ್ತ ಹೋಗಿ ಬಂದದ್ದು.
ಮೂಲೆಯಲ್ಲಿ ಮೂವತ್ತೊಂದು ಡಿಗ್ರಿ.

"ಸ್ಕೂಲಿಯೋಸಿಸ್ ಅಂತೆ" ಅಂದಳು ಕುಂದಾ.
"ಪಾಟಿಚೀಲದ ಭಾರಕ್ಕೇ ಬರುವುದು.
ಹೆಸರಲ್ಲೇ ಸ್ಕೂಲು ಇದೆಯಲ್ಲ!"
"ಸ್ಕೋ, ಅಮ್ಮಾ. ಸ್ಕೋ."
ಹದಿನೈದು ದಿನಕ್ಕೆ ಮೊದಲ ಸಲ ಹುಡುಗಿ ನಕ್ಕಳು.

ಅವಳ ಅಜ್ಜ ದೋಣಿ ಬಿಟ್ಟು ಹತ್ತು ವರ್ಷ.
ಫಿಲ್ಮನ್ನು ತಲೆಕೆಳಗಾಗಿ ಹಿಡಿದು ನೋಡಿ, "ವಾಲಿದೆ, ಅಷ್ಟೇ" ಅಂದ.
"ಮೀನೆಲ್ಲ ಒಂದೇ ಬದಿಗೆ ಬಿದ್ದರೆ ದೋಣಿ ವಾಲುತ್ತದೆ.
ಭಾರ ಆಚೆ ಸರಿಸಿದರಾಯ್ತು."
ಬೆನ್ನಿನ ಭಾರ ಎಲ್ಲಿಗೆ ಸರಿಸುವುದು
ಅಂತ ಅವನನ್ನು ಯಾರೂ ಕೇಳಲಿಲ್ಲ.
ಶಬ್ದ ಮಾತ್ರ ಚೆನ್ನಾಗಿತ್ತು. ನಾನು ಇಟ್ಟುಕೊಂಡೆ.

ಈಗ ಕಂಕುಳಿಂದ ಸೊಂಟದ ಕೆಳಗಿನ ತನಕ ಬಿಳಿ ಪ್ಲಾಸ್ಟಿಕ್ಕು,
ಬೆನ್ನಿಗೆ ಮೂರು ಬೆಲ್ಟು, ದಿನಕ್ಕೆ ಇಪ್ಪತ್ತು ತಾಸು,
ಅದೂ ಕಾರವಾರದ ಸೆಕೆಯಲ್ಲಿ.
ಯೂನಿಫಾರಂ ಪೂರ್ತಿ ಬಿಚ್ಚಿ ಮತ್ತೆ ಹೊಲಿದೆ,
ಪಕ್ಕಕ್ಕೆ ಎರಡೆರಡು ಇಂಚು ಬಿಟ್ಟು,
ಎಡ ಹೆಗಲಿಗೆ ಒಳಗಿಂದ ತೆಳ್ಳಗೆ ಪ್ಯಾಡು ಇಟ್ಟು.
ಪ್ಲಾಸ್ಟಿಕ್ಕಿನ ಒಳಗೆ ಹಾಕಲು ಹತ್ತಿಯ ಬನಿಯನ್ನು ನಾಲ್ಕು,
ಹೊಲಿಗೆಗಳು ಹೊರಗೆ ಬರುವ ಹಾಗೆ,
ಚರ್ಮಕ್ಕೆ ತಾಗದ ಹಾಗೆ.

ತಗೊಂಡು ಹೋಗಲು ಬಂದವಳು
ಮಿಷನ್ನಿನ ಹಿಂದೆ ನಿಂತು ನನ್ನನ್ನೇ ನೋಡಿದಳು.
"ಅಕ್ಕಾ, ನಿಮ್ಮ ಬೆನ್ನೂ..."
"ಮೂವತ್ತು ವರ್ಷ ಇದಕ್ಕೇ ಬಗ್ಗಿದ್ದು" ಅಂದೆ.
ನನ್ನದಕ್ಕೆ ಮೊದಲು ಕೆಲಸ ಅನ್ನುತ್ತಿದ್ದರು,
ಈಗ ವಯಸ್ಸು ಅನ್ನುತ್ತಾರೆ.
ಬೇರೆ ಹೆಸರು ಯಾರೂ ಇಡಲಿಲ್ಲ.

ಅಷ್ಟರಲ್ಲಿ ಅವಳ ಕೈಯಲ್ಲಿ ಅಳತೆ ಪುಸ್ತಕ.
"ನನ್ನ ಸಾಲಿನಲ್ಲಿ ಇದೇನು, ಗೂ?"

ದಾರ ಕಚ್ಚಿ ತುಂಡು ಮಾಡುತ್ತ,
ಅವಳ ಕಡೆ ನೋಡದೆ,
"ಗುಂಡಿ ಅಂತ ಬರೆಯಲು ಹೊರಟಿದ್ದೆ" ಅಂದೆ.

ನಂಬಲಿಲ್ಲ.
ಬಹಳ ಹೊತ್ತು ಆ ಅಕ್ಷರದ ಮೇಲೆ ಬೆರಳಿಟ್ಟು ನಿಂತಳು.
ಆಮೇಲೆ ನನ್ನ ಪೆನ್ನು ತೆಗೆದುಕೊಂಡು
ಕೊಂಬಿನಿಳಿಯ ಬಾಲ ಗೀಚಿ ಹಾಕಿ,
ಪಕ್ಕದಲ್ಲಿ ಒಂದು ಸೊನ್ನೆ, ಒಂದು ಡಿ.
"ಇಷ್ಟು ತಪ್ಪು ಬರೆದರೆ ನಮ್ಮ ಬಾಯೋರು ಕಿವಿ ಹಿಂಡುತ್ತಾರೆ.
ಎಷ್ಟು ಗುಂಡಿ?"

"ಐದು" ಅಂದೆ.
ಐದು ಅಂತ ಬರೆದಳು.